ಶೇಡಮ್ಮನ ಬಲಗಣ್ಣು

ನಮ್ಮ ಗಿರಣಿಯಲ್ಲಿ ಶೇಡಮ್ಮನಿಗೆ ಹೆದರದವರು ಇಬ್ಬರೇ. ಒಬ್ಬ ಮಾಲೀಕ, ಅವನು ಗಿರಣಿಗೇ ಬರುವುದಿಲ್ಲ. ಇನ್ನೊಬ್ಬ ನಾನು, ಬಣ್ಣದ ತೊಟ್ಟಿಗಳ ಮೇಸ್ತ್ರಿ. ಹೆದರುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ, ಅಷ್ಟೇ. ನಿಜ ಹೇಳಬೇಕೆಂದರೆ ಅವರ ಬಾಯಿಂದ ‘ಸಾಲದು’ ಎಂಬ ಮಾತು ಬಂದರೆ ನನ್ನ ಇಡೀ ದಿನ ಹಾಳು.

ಅವರ ಕೆಲಸ ಬಣ್ಣದ ಶೇಡ್ ಹೊಂದಿಸಿ ನೋಡುವುದು, ಆ ಹೆಸರು ಬಂದದ್ದೂ ಅದರಿಂದಲೇ. ಗಿರಾಕಿ ಕೊಟ್ಟ ಮಾದರಿ ಒಂದು ಕಡೆ, ನಾನು ಅದ್ದಿ ತೆಗೆದ ಬಟ್ಟೆಯ ಅಂಗೈಯಗಲ ತುಂಡು ಇನ್ನೊಂದು ಕಡೆ. ಎರಡೂ ಒಂದೇ ಎಂದು ಅವರು ಸಹಿ ಹಾಕಿದರೆ ಮಾತ್ರ ಲಾಟ್, ಅಂದರೆ ಆ ತೊಟ್ಟಿಯಲ್ಲಿ ಅದ್ದಿದ ಅಷ್ಟೂ ಬಟ್ಟೆ, ಹೊರಗೆ ಹೋಗಬೇಕು. ಅದಕ್ಕೆಂದೇ ಮಹಡಿಯ ಮೇಲೆ ಒಂದು ಕೋಣೆ. ಕಿಟಕಿ ಇಲ್ಲ. ಗೋಡೆ, ಮೇಜು, ಕುರ್ಚಿ ಎಲ್ಲ ಬೂದು ಬಣ್ಣ. ಪಕ್ಕದಲ್ಲಿ ಬೇರೆ ಬಣ್ಣವಿದ್ದರೆ ಕಣ್ಣು ಮೋಸ ಹೋಗುತ್ತದಂತೆ. ಹಾಗಾಗಿ ಅವರೂ ಬೂದು ಕೋಟು ತೊಟ್ಟೇ ಕೂರಬೇಕು, ಬಣ್ಣದ ಬಟ್ಟೆ ತೊಟ್ಟವರು ಒಳಗೆ ಕಾಲಿಡುವಂತಿಲ್ಲ. ಬಣ್ಣದ ಗಿರಣಿಯಲ್ಲಿ ಬಣ್ಣ ಮೆತ್ತಿಕೊಳ್ಳದವರು ಯಾರಿದ್ದಾರೆ? ನಾವೆಲ್ಲ ಬಾಗಿಲಲ್ಲೇ ನಿಂತು ತುಂಡು ಕೊಡುವುದು, ಬಾಗಿಲಲ್ಲೇ ಬೈಸಿಕೊಳ್ಳುವುದು. ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ಅವರ ಎದುರು ಕೂತು ಒಬ್ಬರೂ ಮಾತಾಡಿಲ್ಲ. ಮನೆಯಲ್ಲೂ ಅಷ್ಟೇ. ತಾಯಿ ಇರುವವರೆಗೆ ತಾಯಿ, ಆಮೇಲೆ ಗೋಡೆ.

ಅವರಿಗೊಂದು ಅಭ್ಯಾಸವಿತ್ತು. ತುಂಡು ನೋಡುವಾಗ ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಮಾತ್ರ ನೋಡುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದ್ದೆ.

“ಎರಡು ಕಣ್ಣು ಅಂದ್ರೆ ಇಬ್ಬರು ಓರಗಿತ್ತಿಯರು ಇದ್ದ ಹಾಗೆ ಮೇಸ್ತ್ರಿ. ಯಾವತ್ತೂ ಒಂದೇ ಮಾತು ಹೇಳಲ್ಲ. ಒಬ್ಬಳನ್ನ ನಂಬ್ಕೋಬೇಕು,” ಎಂದಿದ್ದರು.

ಎರಡು ವರ್ಷದ ಕೆಳಗೆ ಅವರು ಕೆಂಪಿನ ಬೆನ್ನು ಹತ್ತಿದರು. ನೀಲಿಯ ತಂಟೆ ಇಲ್ಲ, ಕಪ್ಪಿನ ತಂಟೆ ಇಲ್ಲ. ನಾನು ಯಾವ ಕೆಂಪು ಕಳಿಸಿದರೂ “ಸಾಲದು”. ಮಾದರಿಯ ಪಕ್ಕ ಇಟ್ಟು ನೋಡಿ ಎಂದರೆ, ಮಾದರಿಯೇ ಮಾಸಿದೆ, ನಿಜವಾದ ಕೆಂಪು ನನಗೆ ನೆನಪಿದೆ ಎನ್ನುತ್ತಿದ್ದರು. ಹದಿನೆಂಟು ವರ್ಷ ತೊಟ್ಟಿಯ ಹಬೆ ಕುಡಿದವನು ನಾನು. ನನ್ನ ಕೆಂಪು ಸರಿಯಾಗಿದೆ ಎಂದು ನನಗೆ ಗೊತ್ತಿತ್ತು.

“ಅಕ್ಕಾ, ಇದಕ್ಕಿಂತ ಕೆಂಪು ಬೇಕಂದ್ರೆ ನನ್ನ ರಕ್ತಾನೇ ಸುರೀಬೇಕು.”

“ಸುರೀರಿ. ಅಳತೆ ಮಾಡಿ ಸುರೀರಿ.”

ದಿನವೂ ಈ ರಗಳೆ ಯಾರಿಗೆ ಬೇಕು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನೊಂದು ಉಪಾಯ ಹುಡುಕಿದೆ. ಪುಟ್ಟ ಪಾತ್ರೆಯೊಂದರಲ್ಲಿ ಒಂದೇ ಒಂದು ತುಂಡನ್ನು ಗಾಢವಾಗಿ ಅದ್ದಿ ಮೇಲಕ್ಕೆ ಕಳಿಸುವುದು. ತೊಟ್ಟಿಯಲ್ಲಿರುವ ಲಾಟನ್ನು ಮುಟ್ಟದೆ ಹಾಗೇ ಬಿಡುವುದು. ಆ ತುಂಡು ನೋಡಿ ಅವರು ಸಹಿ ಹಾಕಿದರು. ನನ್ನ ಲಾಟ್ ನೋಡಿ ಗಿರಾಕಿಯೂ ಖುಷಿಯಾದ. ಒಂದು ವರ್ಷ ಹೀಗೇ ನಡೆಯಿತು. ಮೊದಮೊದಲು ಒಂದು ಚಿಟಿಕೆ ಬಣ್ಣ ಹೆಚ್ಚು ಹಾಕಿದರೆ ಸಾಕಿತ್ತು, ಬರಬರುತ್ತಾ ಎರಡು ಪಟ್ಟು ಬೇಕಾಯಿತು. ಅದರ ಅರ್ಥವೇನು ಎಂದು ಈ ದಡ್ಡ ತಲೆಗೆ ಹೊಳೆಯಲೇ ಇಲ್ಲ. ಹಟ ಹೆಚ್ಚಾಗುತ್ತಿದೆ ಅಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆಮೇಲೆ ಮಗಳ ಹೆರಿಗೆಗೆಂದು ಹತ್ತು ದಿನ ರಜೆ ಹಾಕಿದೆ. ನನ್ನ ಜಾಗದಲ್ಲಿದ್ದವನು ಪಾಪದವನು, ಶೇಡಮ್ಮ ಹೇಳಿದಷ್ಟು ಕೆಂಪನ್ನು ಇಡೀ ಲಾಟಿಗೇ ಸುರಿದ. ಮೂರು ಲಾಟ್ ವಾಪಸ್ ಬಂದವು. ಕಣ್ಣು ಕುಕ್ಕುತ್ತದೆ, ಇದನ್ನು ತೊಡುವವರು ಯಾರು ಎಂದು ಗಿರಾಕಿ ಬರೆದಿದ್ದ. ರಜೆ ಮುಗಿಸಿ ಬಂದ ದಿನವೇ ಮ್ಯಾನೇಜರ್ ನನ್ನನ್ನು ಮಹಡಿಗೆ ಅಟ್ಟಿದ.

ವಾಪಸ್ ಬಂದ ಬಟ್ಟೆ ಅವರ ಮೇಜಿನ ಮೇಲೆ ಹರಡಿತ್ತು.

“ಸರಿಯಾಗೇ ಇದೆ. ಗಿರಾಕಿಗೆ ಕಣ್ಣಿಲ್ಲ,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. “ನಿಮ್ಮ ಇನ್ನೊಬ್ಬ ಓರಗಿತ್ತೀನೂ ಒಂದ್ಸಲ ಕೇಳಿ ನೋಡಿ ಅಕ್ಕಾ!”

ನನ್ನನ್ನು ಸುಮ್ಮನಾಗಿಸಲೆಂದೇ ಅವರು ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದರು. ಮತ್ತೆ ಅದನ್ನು ಮುಚ್ಚಿ ಇದನ್ನು ತೆರೆದರು. ಹೀಗೆ ಏಳೆಂಟು ಸಲ.

“ಮೇಸ್ತ್ರಿ, ಬಟ್ಟೆ ಬದಲಾಯಿಸಿದ್ರಾ?”

“ನಾನು ಬಾಗಿಲಲ್ಲೇ ಇದೀನಲ್ಲ.”

“ಎಡಗಣ್ಣಲ್ಲಿ ಬೆಂಕಿ ಥರ ಇದೆ. ಬಲಗಣ್ಣಲ್ಲಿ ತೊಳೆದು ತೊಳೆದು ಮಾಸಿಹೋದ ಇಟ್ಟಿಗೆ,” ಎಂದು ಹೇಳಿ ಕುರ್ಚಿಯ ಕೈ ಹಿಡಿದುಕೊಂಡರು. ನಾನು ಹಳದಿ ಅಂಗಿಯಲ್ಲೇ ಒಳಗೆ ನುಗ್ಗಿದೆ. ಅವರು ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಕಣ್ಣಿನ ಡಾಕ್ಟರು ಸ್ಕ್ಯಾನ್ ಮಾಡಿಸಿ ಎಂದರು. ತಲೆಯೊಳಗೆ, ಬಲಗಣ್ಣಿನ ನರಕ್ಕೆ ಒತ್ತಿಕೊಂಡು, ಕಡಲೆಬೀಜದಷ್ಟು ಒಂದು ಗಡ್ಡೆ. ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

“ಇದು ಕ್ಯಾನ್ಸರ್ ಅಲ್ಲಮ್ಮ, ಜೀವಕ್ಕೆ ಅಪಾಯ ಇಲ್ಲ. ಆದ್ರೆ ಜಾಗ ಕೆಟ್ಟದ್ದು. ಚಾಕು ಹಾಕಿದ್ರೆ ನರಕ್ಕೇ ತಗಲಬಹುದು. ಅದಕ್ಕೆ ಚಾಕು ಬೇಡ, ರೇಡಿಯೋಸರ್ಜರಿ ಮಾಡೋಣ. ಸುತ್ತಲಿಂದ ಸಣ್ಣ ಸಣ್ಣ ಕಿರಣ ಬಿಡ್ತೀವಿ, ಎಲ್ಲ ಬಂದು ಗಡ್ಡೆ ಮೇಲೇ ಸೇರ್ತವೆ. ಪಕ್ಕದಲ್ಲೇ ನರ ಇರೋದ್ರಿಂದ ಒಂದೇ ಸಲ ಕೊಡೋಕಾಗಲ್ಲ, ಐದು ದಿನ ಹಂಚಿ ಕೊಡ್ತೀವಿ.”

“ಗಡ್ಡೆ ಹೋಗತ್ತಾ?”

“ಹೋಗಲ್ಲ, ಅಲ್ಲೇ ಇರತ್ತೆ. ಬೆಳೆಯೋದು ನಿಲ್ಲಬೇಕು, ಅಷ್ಟೇ ನಮ್ಮ ಆಸೆ. ಬೆಳೆದ್ರೆ ಎಡಗಣ್ಣಿನ ನರವೂ ದೂರ ಇಲ್ಲ.”

“ಕೆಂಪು ವಾಪಸ್ ಬರತ್ತಾ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಮಾತು ಕೊಡಲ್ಲ. ಒಂದು ವರ್ಷ ಮುಂಚೆ ಬಂದಿದ್ರೆ ಧೈರ್ಯವಾಗಿ ಹೇಳ್ತಿದ್ದೆ.”

ಒಂದು ವರ್ಷ! ನನ್ನ ಪುಟ್ಟ ಪಾತ್ರೆಯ ಉಪಾಯಕ್ಕೂ ಅಷ್ಟೇ ವಯಸ್ಸು. ಡಾಕ್ಟರಮ್ಮ ಬರೆದ ಚಿತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡೆ.

ಜೊತೆಗೆ ಬರುವವರು ಯಾರು, ರೋಗಿಗೆ ಏನಾಗಬೇಕು ಎಂದು ಆಸ್ಪತ್ರೆಯ ಗುಮಾಸ್ತ ಕೇಳಿದ. ಶೇಡಮ್ಮ ನನ್ನ ಮುಖ ನೋಡಿದರು.

“ಏನಂತ ಬರೆಸಲಿ ಮೇಸ್ತ್ರಿ?”

“ಜಗಳಗಂಟ ಅಂತ ಬರೆಸಿ.”

ಅವರು ನಕ್ಕರು. ಆಮೇಲೆ ಗುಮಾಸ್ತನಿಗೆ ‘ತಮ್ಮ’ ಎಂದು ಹೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಬಲೆಯನ್ನು ಮುಖಕ್ಕೆ ಒತ್ತಿ ಅವರದೇ ಅಳತೆಯ ಮುಖವಾಡ ಮಾಡಿದರು. ದಿನವೂ ಅದನ್ನು ತೊಡಿಸಿ ಹಲಗೆಗೆ ಬಿಗಿಯುತ್ತಿದ್ದರು. ತಲೆ ಕೂದಲೆಳೆಯಷ್ಟೂ ಅಲುಗಬಾರದು. ಆಮೇಲೆ ಎಲ್ಲರೂ ಹೊರಗೆ ಬಂದು ಗೋಡೆಯಷ್ಟು ದಪ್ಪನೆಯ ಬಾಗಿಲು ಹಾಕುತ್ತಿದ್ದರು. ನೋವಿಲ್ಲ, ಸದ್ದೂ ಹೆಚ್ಚಿಲ್ಲ. ಅರ್ಧ ಗಂಟೆ ಒಳಗೆ ಅವರೊಬ್ಬರೇ.

ಮೂರನೆಯ ದಿನ ಹೊರಗೆ ಬಂದಾಗ ಅವರ ಹಣೆಯ ಮೇಲೆಲ್ಲ ಬಲೆಯ ಗುರುತು. ಟೀ ತಂದುಕೊಟ್ಟೆ.

“ಅದರೊಳಗೆ ಅಳೋಕೂ ಆಗಲ್ಲ ಮೇಸ್ತ್ರಿ. ಮುಖ ಅಲುಗಬಾರದಂತೆ,” ಎಂದರು.

“ಅತ್ತಿರಾ ಅಕ್ಕಾ?”

“ಇಲ್ಲ. ಆಸೆ ಆಯ್ತು.” ಹಣೆಯ ಗುರುತು ಸವರಿಕೊಂಡು, “ಅಮ್ಮ ಹೋದ ಮೇಲೆ ನನ್ನ ಮುಖಾನ ಯಾರೂ ಮುಟ್ಟಿರಲಿಲ್ಲ. ಇಲ್ಲಿ ಮುಖವಾಡ ಬಿಗಿಯೋ ಹುಡುಗಿ ದಿನಾ ಮುಟ್ಟಿ ಸರಿ ಮಾಡ್ತಾಳೆ,” ಎಂದು ಟೀ ಕುಡಿದರು.

ಆರು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿದರು. ಗಡ್ಡೆ ಇದ್ದಷ್ಟೇ ಇತ್ತು, ಎಡಗಣ್ಣಿಗೆ ಏನೂ ಆಗಿರಲಿಲ್ಲ. ಬಲಗಣ್ಣಿಗೆ ಕೆಂಪು ಬಂದಿರಲಿಲ್ಲ. ಇನ್ನು ಬರುವುದೂ ಇಲ್ಲ ಎಂದು ಡಾಕ್ಟರಮ್ಮ ನೇರವಾಗಿಯೇ ಹೇಳಿದರು. ನಾವಿಬ್ಬರೂ ಆಸ್ಪತ್ರೆಯ ಮುಂದಿನ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಾ ಕೂತೆವು.

“ನನ್ನದೇ ತಪ್ಪು,” ಎಂದರು ಶೇಡಮ್ಮ. “ಆದ್ರೆ ಒಂದು ಮಾತು ಅರ್ಥ ಆಗಲ್ಲ. ಇಡೀ ವರ್ಷ ನಾನು ತಪ್ಪು ಕೆಂಪು ಪಾಸ್ ಮಾಡಿದೀನಿ. ಒಬ್ಬ ಗಿರಾಕಿ ಬೈದಿದ್ರೂ ನನಗೆ ಆಗಲೇ ಎಚ್ಚರ ಆಗ್ತಿತ್ತು. ಒಬ್ಬನೂ ಯಾಕೆ ಬೈಲಿಲ್ಲ?”

ಸುಮ್ಮನಿದ್ದುಬಿಡಬಹುದಿತ್ತು. ಆದರೆ ನನ್ನನ್ನು ತಮ್ಮ ಎಂದು ಬರೆಸಿದ ಹೆಂಗಸು ತಪ್ಪನ್ನೆಲ್ಲ ತಾವೇ ತಲೆಗೆ ಹೊತ್ತುಕೊಂಡು ಪಕ್ಕದಲ್ಲಿ ಕೂತಿದ್ದರು. ತಡೆಯಲಾಗಲಿಲ್ಲ. ಪುಟ್ಟ ಪಾತ್ರೆಯ ವಿಷಯ, ಬೇರೆಯಾಗಿ ಅದ್ದಿದ ತುಂಡುಗಳ ವಿಷಯ, ಎಲ್ಲ ಹೇಳಿದೆ. ಜಗಳ ತಪ್ಪಲಿ ಅಂತ ಮಾಡಿದೆ ಅಕ್ಕಾ ಎಂದೆ.

ಬಾಯಿಗೆ ಬಂದಂತೆ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ.

“ಹಾಗಾದ್ರೆ ಆ ವರ್ಷ ನಾನು ನೋಡಿದ ಕೆಂಪು ಯಾವುದೂ ಗಿರಣಿಯಿಂದ ಹೊರಗೆ ಹೋಗಲಿಲ್ಲ,” ಎಂದರು.

“ಇಲ್ಲ ಅಕ್ಕಾ.”

“ದಿನಾ ಎಂಟು ಗಂಟೆ ಆ ಕೋಣೇಲಿ ಕೂತು ನಾನು ಏನು ಮಾಡ್ತಿದ್ದೆ ಮೇಸ್ತ್ರಿ?”

ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತು, ಪಕ್ಕದ ಸೀಟಿನ ಮೇಲೆ ತಮ್ಮ ಚೀಲ ಇಟ್ಟರು. ನಾನು ಹಿಂದೆ ಹೋಗಿ ನಿಂತೆ.

ಎಡಗಣ್ಣಿನಲ್ಲಿ ಬಣ್ಣದ ಪರೀಕ್ಷೆ ಕೊಟ್ಟು ಪಾಸಾಗಿ ಅವರು ಮತ್ತೆ ಕೆಲಸಕ್ಕೆ ಬಂದಿದ್ದಾರೆ. ಮ್ಯಾನೇಜರಿಗಾಗಲೀ ಇನ್ಯಾರಿಗಾಗಲೀ ನನ್ನ ವಿಷಯ ಹೇಳಿಲ್ಲ. ಆದರೆ ಈಗ ಯಾರೂ ತುಂಡು ಹಿಡಿದು ಮಹಡಿ ಹತ್ತುವಂತಿಲ್ಲ. ಲಾಟ್ ತೊಟ್ಟಿಯಿಂದ ಹೊರಬಿದ್ದ ಕೂಡಲೇ ಲಾಟಿನಿಂದಲೇ ತುಂಡು ಕತ್ತರಿಸಿಕೊಳ್ಳಲು ಅವರೇ ಕತ್ತರಿ ಹಿಡಿದು ಇಳಿದು ಬರುತ್ತಾರೆ. ಆ ಹಬೆಯಲ್ಲಿ, ಜಾರುವ ನೆಲದ ಮೇಲೆ ಗೋಡೆ ಹಿಡಿದು ನಡೆಯುತ್ತಾರೆ. ಇವತ್ತು ಒದ್ದೆ ಬಟ್ಟೆ ಭಾರವಾಗಿ ಕೈಯಿಂದ ಜಾರುತ್ತಿತ್ತು. ನಾನು ಓಡಿಹೋಗಿ ಅಂಚು ಹಿಡಿದುಕೊಂಡೆ.

“ಬಿಡಿ ಮೇಸ್ತ್ರಿ,” ಎಂದರು.

ಬಿಟ್ಟೆ.