ಕೆಂಪು ನಿಶಾನಿ ಕಂಡರೆ ಸಾಕು

ಹೋದ ವಾರ ಹಳಿಯಾಳದ ಬ್ಯಾಂಕಿನಲ್ಲಿ ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಕರೆಂಟ್ ಹೋಯಿತು. ಕೌಂಟರಿನ ಕೆಳಗಿದ್ದ ಹಳೆಯ ಯುಪಿಎಸ್ ಕುಂಯ್ ಕುಂಯ್ ಎಂದು ಕೂಗತೊಡಗಿತು. ಉಳಿದವರು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನನಗೆ ಮಾತ್ರ ಎದೆ ಧಸಕ್ಕೆಂದಿತು, ಎಡಗೈಯ ಎರಡು ಬೆರಳು ತಾವಾಗಿಯೇ ಕೌಂಟರಿನ ಕಲ್ಲನ್ನು ಒತ್ತಿದವು. ದಾಂಡೇಲಿಯಲ್ಲಿ ನನ್ನ ಕಂಪ್ಯೂಟರ್ ಅಂಗಡಿ ಇದ್ದ ಕಾಲದಲ್ಲಿ ಆ ಕೂಗು ಕೇಳಿದೊಡನೆ ಮಾಡಬೇಕಾಗಿದ್ದ ಕೆಲಸ ಒಂದೇ, ಆಟ ಸೇವ್ ಮಾಡುವುದು. ಅದೂ ನನ್ನ ಆಟವಲ್ಲ. ಕಾಕಾನ ಆಟ…

ಅಂಗಡಿ ಎಂದರೆ ದೊಡ್ಡದೇನಲ್ಲ. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಒಂದು ಶಟರ್, ಮೂರು ಕಂಪ್ಯೂಟರ್, ಒಂದು ಹಟಮಾರಿ ಪ್ರಿಂಟರ್. ಬೆಳಿಗ್ಗೆ ಅರ್ಜಿ, ಬಯೋಡಾಟಾ ಟೈಪ್ ಮಾಡಿಕೊಡುವುದು, ಸಂಜೆ ಹುಡುಗರನ್ನು ಆಟಕ್ಕೆ ಕೂರಿಸುವುದು. ಗಾಳಿ ತಿರುಗಿದ ದಿನ ಕಾಗದದ ಮಿಲ್ಲಿನ ವಾಸನೆ, ಕೊಳೆತ ಎಲೆಕೋಸಿನಂಥದ್ದು, ಒಳಗೆ ಬಂದು ಗಿರಾಕಿಯ ಹಾಗೆ ಕೂತುಬಿಡುತ್ತಿತ್ತು. ನಾನು ಹುಟ್ಟಾ ಪುಕ್ಕಲಿ. ಶಾಲೆಯಲ್ಲಿ ಹಾಜರಿ ಕೂಗಿದರೂ ಬೆವರುತ್ತಿದ್ದವಳು. ಹಾರ್ಡ್‌ಡಿಸ್ಕ್ ಟಿಕ್ಕೆಂದರೆ ಹೆದರಿಕೆ, ಯಾರಾದರೂ ಫ್ಲಾಪಿ ತಂದರೆ ವೈರಸ್ಸಿನ ಹೆದರಿಕೆ. ಲೋಕದಲ್ಲಿ ನನಗಿಂತ ಹೆಚ್ಚು ಹೆದರುವವರು ಇರಲಾರರು ಎಂದುಕೊಂಡಿದ್ದೆ, ಕಾಕಾ ಬರುವತನಕ.

ಕಾಕಾ ನಮಗೆ ಸಂಬಂಧವೇನಲ್ಲ. ಸವದತ್ತಿ ಕಡೆಯವರು, ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಮುಂಗೈ ತುಂಬ ಸುಟ್ಟ ಕಲೆಗಳು. ಊರಿನಲ್ಲಿ ಗುಡಿಯ ಕಟ್ಟೆಯ ಮೇಲೆ ಹುಲಿ-ಕುರಿ ಆಟ ಆಡಿ ಬೆಳೆದ ಮನುಷ್ಯ. ಒಮ್ಮೆ ಸಹಿ ಹಾಕಬೇಕಾದ ಕಾಗದ ಟೈಪ್ ಮಾಡಿಸಲು ಬಂದವರು ಪಕ್ಕದ ಪರದೆಯ ಮೇಲೆ ಕೋಟೆ, ಆನೆ, ಕುದುರೆ ಓಡಾಡುವುದು ಕಂಡು ಕಾಗದ ಮರೆತು ನಿಂತುಬಿಟ್ಟರು. ಮೊದಮೊದಲು ಮೌಸನ್ನು ಬಿಸಿ ರೊಟ್ಟಿ ಮುಟ್ಟಿದ ಹಾಗೆ ಮುಟ್ಟುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಅಂಗಡಿಯಲ್ಲಿ ಅವರನ್ನು ಸೋಲಿಸುವವರೇ ಇರಲಿಲ್ಲ.

ನನಗೆ ಆಟ ಬರುತ್ತಿರಲಿಲ್ಲ, ಆದರೆ ದಿನಾ ನೋಡಿ ಇಷ್ಟು ತಿಳಿದಿತ್ತು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ನಿಶಾನಿ, ಅಂದರೆ ಬಾವುಟ. ತನ್ನ ಪಾಳಿ ಬಂದಾಗ ಕೋಟೆ ಕಟ್ಟಬಹುದು, ದಂಡು ನಡೆಸಬಹುದು, ಆಮೇಲೆ ಪಾಳಿ ಇನ್ನೊಬ್ಬನಿಗೆ. ತನ್ನ ಸಿಪಾಯಿಗಳು ನಿಂತಲ್ಲಿಂದ ಕಾಣುವಷ್ಟು ನೆಲ ಮಾತ್ರ ಕಾಣುತ್ತದೆ, ಉಳಿದದ್ದೆಲ್ಲ ಕಪ್ಪು. ಆಡುವವರ ಜೊತೆ ಕಂಪ್ಯೂಟರಿನದೇ ಒಂದು ಹಳದಿ ದಂಡು, ತನ್ನ ಪಾಳಿಯನ್ನು ತಾನೇ ಆಡಿಕೊಳ್ಳುತ್ತ, ಆ ಕಪ್ಪಿನೊಳಗೆ ಎಲ್ಲೋ ಓಡಾಡುತ್ತಿರುತ್ತದೆ. ಮುಖ್ಯವಾದದ್ದೆಂದರೆ ಇಬ್ಬರೂ ಒಟ್ಟಿಗೆ ಕೂರಬೇಕಾಗಿಲ್ಲ. ಒಬ್ಬ ಬೆಳಿಗ್ಗೆ ಆಡಿ ಹೋದರೆ ಇನ್ನೊಬ್ಬ ಸಂಜೆ ಬಂದು ಆಡಬಹುದು. ಸೇವ್ ಮಾಡಿದ ಆಟ ತೆಗೆದೊಡನೆ ಯಾರ ಪಾಳಿಯೋ ಅವರ ನಿಶಾನಿ ಪರದೆಯ ನಡುವೆ ಬಂದು ನಿಲ್ಲುತ್ತಿತ್ತು.

ಕಾಕಾ ಆಡುತ್ತಿದ್ದದ್ದು ತಮ್ಮ ಅಳಿಯನ ಜೊತೆ. ಅಳಿಯ ಎಂದರೆ ಅಕ್ಕನ ಮಗ. ಅಕ್ಕ ಗಂಡನನ್ನು ಕಳೆದುಕೊಂಡವಳು, ಇರುವವನು ಒಬ್ಬನೇ ಮಗ. ಅವನನ್ನು ಮಿಲ್ಲಿಗೆ ತಂದು ಸೇರಿಸಿದವರು ಕಾಕಾ. ಇಬ್ಬರ ಶಿಫ್ಟೂ ಯಾವಾಗಲೂ ಬೇರೆ ಬೇರೆ. ಮಾವ ಮಿಲ್ಲಿನ ಒಳಗಿದ್ದರೆ ಅಳಿಯ ಹೊರಗೆ, ಅಳಿಯ ಒಳಗಿದ್ದರೆ ಮಾವ ಹೊರಗೆ. ಹುಡುಗ ಗೆಳೆಯರ ಜೊತೆ ಬೇರೆ ಖೋಲಿಯಲ್ಲಿದ್ದ. ಆರಂಭದಲ್ಲಿ ಕಾಕಾ ದಿನವೂ ಆ ಖೋಲಿಯ ಬಾಗಿಲು ತಟ್ಟಿ ಮುಖ ನೋಡಿ ಬರುತ್ತಿದ್ದರಂತೆ. ಮಾಮಾ ಹಾಜರಿ ತಗೊಳ್ಳಾಕ ಬಂದ ಎಂದು ಗೆಳೆಯರು ಕಾಡಿಸಿ, ಹುಡುಗ ಸಿಟ್ಟಾಗಿ, ಇನ್ನು ಬರಬೇಡ ಎಂದುಬಿಟ್ಟ. ಆಮೇಲೆ ಶುರುವಾದದ್ದು ಈ ಆಟ. ಕಾಕಾನದು ಕೆಂಪು, ಅಳಿಯನದು ನೀಲಿ.

ಕಾಕಾ ಬಂದವರೇ ಕೂರುವ ಮೊದಲು ನಿಶಾನಿ ನೋಡುತ್ತಿದ್ದರು. ಕೆಂಪು ಕಂಡರೆ ಅಳಿಯ ತನ್ನ ಪಾಳಿ ಮುಗಿಸಿ ಹೋಗಿದ್ದಾನೆ ಎಂದು ಅರ್ಥ. ಆಗ ಉಸಿರು ಬಿಟ್ಟು, ಕುರ್ಚಿ ಎಳೆದುಕೊಂಡು, ಚಹಾ ತರಿಸುತ್ತಿದ್ದರು. ಇದೆಂಥ ಹುಚ್ಚಪ್ಪಾ ಎಂದು ನನಗೆ ಒಳಗೊಳಗೆ ನಗು ಬರುತ್ತಿತ್ತು.

ಅಷ್ಟರಲ್ಲಿ ಆ ಆಟದ ಎರಡನೇ ಭಾಗ ಬಂತು. ಹುಬ್ಬಳ್ಳಿಯಿಂದ ಸಿಡಿ ತಂದು ಹಾಕಿದ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀರು ಹರಿಯುವುದು ಕಾಣುತ್ತದೆ, ಕುದುರೆಯ ಧೂಳು ಕಾಣುತ್ತದೆ, ಕತ್ತಿಗೆ ಕತ್ತಿ ತಾಗಿದ ಸದ್ದು ರಸ್ತೆಯತನಕ ಕೇಳುತ್ತದೆ. ಆದರೆ ಇದರಲ್ಲಿ ಪಾಳಿ ಎಂಬುದೇ ಇಲ್ಲ. ಎಲ್ಲರೂ ಒಮ್ಮೆಗೇ ಕೂರಬೇಕು, ಕೈ ಚುರುಕಾದವನು ಗೆದ್ದ. ಹಳೆಯದನ್ನು ಆಡುತ್ತಿದ್ದ ಮಿಲ್ಲಿನ ನಾಲ್ಕಾರು ಮಂದಿಯೂ ಒಬ್ಬೊಬ್ಬರಾಗಿ ಅತ್ತ ಸರಿದರು. ಕಾಕಾ ಕೇಳಿದ್ದು ಒಂದೇ ಪ್ರಶ್ನೆ, ಹಳೆಯ ಆಟ ಇದರಲ್ಲಿ ತೆರೆಯುತ್ತದೆಯೇ ಎಂದು. ಇಲ್ಲ ಎಂದೆ. ಅವರ ಮುಖ ಸಣ್ಣದಾಯಿತು.

ಕಂಪ್ಯೂಟರ್ ರಿಪೇರಿಯವನು ಹಳೆಯದನ್ನು ಅಳಿಸಿಬಿಡಿ, ಜಾಗ ಸಾಲುವುದಿಲ್ಲ ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ಹುಡುಗರು ಕಾಕಾನನ್ನು ಬಿಡದೆ ಕಾಡಿಸುತ್ತಿದ್ದರು. ಹಳೆಯ ಆಟದಲ್ಲಿ ಒಂದು ಸೇತುವೆ ಇತ್ತು, ಕುದುರೆ ದಾಟುತ್ತದೆ, ಏನು ಮಾಡಿದರೂ ಆನೆ ದಾಟುವುದಿಲ್ಲ. ಆಟ ಮಾಡಿದವರ ತಪ್ಪು, ಹೊಸದರಲ್ಲಿ ಸರಿಯಾಗಿದೆ ಎಂದು ಹುಡುಗರ ವಾದ. ತಪ್ಪಲ್ಲ, ಸೇತುವೆ ಗಟ್ಟಿಯಿಲ್ಲವೆಂದು ಆನೆಗೆ ಗೊತ್ತು, ಅದಕ್ಕಾದರೂ ಬುದ್ಧಿ ಇದೆ ಎಂದು ಕಾಕಾ. ನಾನು ಕಿಟಕಿಯ ಪಕ್ಕದ ಮೂರನೇ ಕಂಪ್ಯೂಟರಿನಲ್ಲಿ ಹಳೆಯದನ್ನು ಹಾಗೆಯೇ ಉಳಿಸಿದೆ. ಧೈರ್ಯದಿಂದಲ್ಲ, ಅಳಿಸುವ ಗುಂಡಿ ಒತ್ತಲು ಹೆದರಿಕೆಯಾಗಿ.

ಒಂದು ಬೆಳಿಗ್ಗೆ ಕಾಕಾ ರಾತ್ರಿ ಶಿಫ್ಟ್ ಮುಗಿಸಿ ಬಂದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದು ಆಟ ತೆಗೆಯಲು ಹೇಳಿದರು. ಪರದೆಯ ಮೇಲೆ ನೀಲಿ ನಿಶಾನಿ. ಅಳಿಯ ಹಿಂದಿನ ದಿನ ಆಡಿಲ್ಲ. ಅವರ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಹುಡುಗ ನಿನ್ನೆ ಸಂಜೆಯೆಲ್ಲ ಇಲ್ಲೇ ಕೂತು ಹೊಸ ಆಟ ಆಡುತ್ತಿದ್ದ, ಇದನ್ನು ಮರೆತು ಹೋದ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ರಸ್ತೆಯಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದರು. ಆ ವಯಸ್ಸಿನವರು ಹಾಗೆ ಓಡುವುದನ್ನು ನಾನು ಮೊದಲು ನೋಡಿರಲಿಲ್ಲ. ಮಿಲ್ಲಿನ ಗೇಟಿನಲ್ಲಿ ಹೇಳಿ ಕಳಿಸಿ ಅಳಿಯನನ್ನು ಹೊರಗೆ ಕರೆಸಿ, ಮುಖ ನೋಡಿ, ತಿರುಗಿ ಬಂದರಂತೆ.

ಬಂದು ಕುರ್ಚಿಯಲ್ಲಿ ಕುಸಿದರು. ಅಂಗಾಲಿನಲ್ಲಿ ರಕ್ತ. ನೀರು ಕೊಟ್ಟೆ. ಒಂದು ಆಟಕ್ಕೆ ಇಷ್ಟೊಂದು ಯಾಕೆ ಕಾಕಾ ಎಂದೆ. ಅಂಗಾಲು ಒರೆಸಿಕೊಳ್ಳುತ್ತ ಹೇಳಿದರು.

"ನಾ ಸಣ್ಣಾಂವ ಇದ್ದಾಗ ನಮ್ಮಪ್ಪ ಬಾವಿ ಹೂಳ ತಗ್ಯಾಕ ಇಳದ, ತಂಗಿ. ಒಳಗ ಉಸರ ಕಟ್ಟಿ ಬಿದ್ದ. ಅವನ್ನ ಎತ್ತಾಕಂತ ನಮ್ಮ ಕಾಕಾ, ಅಪ್ಪನ ತಮ್ಮ, ಇಳದ. ಇಬ್ರೂ ಮ್ಯಾಲೆ ಬರಲಿಲ್ಲ. ಒಂದ ಮನ್ಯಾಗಿನ ಇಬ್ರು ಒಂದ ಕಡೆ ಇರಬಾರದವಾ. ಅದಕ್ಕ ನಾನ ಸಾಹೇಬ್ರಿಗೆ ಕೈ ಮುಗದು ಅವಂದೂ ನಂದೂ ಶಿಫ್ಟ್ ಬ್ಯಾರೆ ಮಾಡಿಸೇನಿ. ಹಂಗ ಮಾಡಿಸಿದ ಮ್ಯಾಲೆ ಅವನ ಮುಖಾನ ಕಾಣವಲ್ದು. ಹೊಸಾ ಆಟದಾಗ ಎಲ್ಲಾರೂ ಕೂಡೇ ಕುಂದರಬೇಕು. ಇದು ಹಂಗಲ್ಲ. ಇದು ಕಾಯತೈತಿ. ಕೆಂಪ ನಿಶಾನಿ ಕಂಡ್ರ ಸಾಕು, ಹುಡುಗ ಒಳಗಿಂದ ನೆಟ್ಟಗ ಹೊರಗ ಬಂದಾನಂತ ತಿಳೀತೈತಿ."

ಮಿಲ್ಲಿನಲ್ಲಿ ಅಂಥದ್ದೇನೂ ಆಗಿರಲಿಲ್ಲ. ಅವರ ಅಂಜಿಕೆ ಅವರ ಬಾವಿಯದು. ಆದರೆ ಆ ದಿನದಿಂದ ಅದು ನನಗೂ ಅಂಟಿತು. ಅಳಿಯನನ್ನು ಹಿಡಿದು ಒಪ್ಪಂದ ಮಾಡಿಸಿದೆ. ಹೊಸದನ್ನು ಎಷ್ಟು ಬೇಕಾದರೂ ಆಡು, ಆದರೆ ಮೊದಲು ಹಳೆಯದರಲ್ಲಿ ಒಂದು ಪಾಳಿ ಮುಗಿಸು ಎಂದು. ಬಾವಿಯ ಮಾತು ಮಾತ್ರ ಹೇಳಲಿಲ್ಲ, ಕಾಕಾ ಬೇಡ ಎಂದಿದ್ದರು. ಹುಡುಗ ಗೊಣಗಿದ. ಮಾಮಾ ತಿಂಗಳುಗಟ್ಟಲೆ ನನ್ನ ಊರಿನ ಸುತ್ತ ದಂಡು ನಿಲ್ಲಿಸಿ ಮುತ್ತಿಗೆ ಹಾಕಿದ್ದಾನೆ, ಒಳಗೂ ಬರುವುದಿಲ್ಲ, ಬಿಟ್ಟೂ ಹೋಗುವುದಿಲ್ಲ, ಇದೂ ಒಂದು ಆಟವೇ ಎಂದು ಅವನ ತಕರಾರು. ಆದರೂ ದಿನಾ ಬಂದು, ನಿಂತುಕೊಂಡೇ ಎರಡು ಸಲ ಕ್ಲಿಕ್ ಮಾಡಿ, ಹೊಸ ಆಟಕ್ಕೆ ಹೋಗಿ ಕೂರುತ್ತಿದ್ದ. ಬೆಳಿಗ್ಗೆ ಶಟರ್ ಎತ್ತಿದೊಡನೆ ನಾನು ದೇವರಿಗೆ ದೀಪ ಹಚ್ಚುವ ಮೊದಲು ನಿಶಾನಿ ನೋಡುವುದನ್ನು ರೂಢಿ ಮಾಡಿಕೊಂಡೆ. ಕರೆಂಟ್ ಹೋದರೆ ಸಾಕು, ಟೈಪ್ ಮಾಡುತ್ತಿದ್ದ ಅರ್ಜಿಯನ್ನು ಅಲ್ಲೇ ಬಿಟ್ಟು ಮೂರನೇ ಕಂಪ್ಯೂಟರಿನತ್ತ ಹಾರುತ್ತಿದ್ದೆ.

ಆಮೇಲಿನ ಬೇಸಿಗೆಯ ಒಂದು ದಿನ. ಕಾಕಾನಿಗೆ ರಾತ್ರಿ ಶಿಫ್ಟ್, ಅಳಿಯನಿಗೆ ಮೊದಲನೇ ಶಿಫ್ಟ್. ಶಟರ್ ಎತ್ತಿ ನೋಡಿದೆ, ಕೆಂಪು ನಿಶಾನಿ. ಅಳಿಯ ಹಿಂದಿನ ಸಂಜೆ ಆಡಿ ಹೋಗಿದ್ದ, ಇನ್ನು ಕಾಕಾ ಬಂದು ಆಡಬೇಕು. ಅವರು ಚಹಾ ಕುಡಿದು ಬರುವ ಹೊತ್ತು ಮೀರಿತು. ನಿದ್ದೆ ಹತ್ತಿರಬೇಕು ಎಂದುಕೊಂಡೆ. ಸಂತೆಗೆ ಹೋಗಿರಬೇಕು ಎಂದುಕೊಂಡೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಹಾಗೆಯೇ ಮುಚ್ಚಿಟ್ಟೆ. ಹೋಗಿ ಕೇಳೋಣವೆಂದರೆ ಅವರ ಖೋಲಿ ಎಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ನಿಶಾನಿ ನೋಡಿದವಳು ಮನೆ ಕೇಳಿರಲಿಲ್ಲ… ಮಿಲ್ಲಿನ ಭೋಂಗಾ ಕೂಗಿತು. ಶಿಫ್ಟ್ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಅಳಿಯ ಗೆಳೆಯರ ಜೊತೆ ನಗುತ್ತ ಬಂದು, ಚಪ್ಪಲಿ ಬಿಟ್ಟು, ಮೂರನೇ ಕಂಪ್ಯೂಟರಿನ ಮುಂದೆ ನಿಂತ.

"ಮಾಮಾ ಬಂದಿಲ್ಲೇನ್ರಿ?"

ಇಲ್ಲ ಎಂದು ತಲೆ ಆಡಿಸಿದೆ. ಅವನು ಕೆಂಪು ನಿಶಾನಿಯನ್ನೇ ನೋಡುತ್ತ ನಿಂತ. ಗೆಳೆಯರು ಹೊಸ ಆಟಕ್ಕೆ ಕುರ್ಚಿ ಹಿಡಿದು ಅವನ ಹೆಸರು ಕೂಗುತ್ತಿದ್ದರು. ಅವನು ಅತ್ತ ತಿರುಗಲೂ ಇಲ್ಲ. ಬಾಗಿಲು ದಾಟಿ ಓಡಿದ. ಅವನ ಚಪ್ಪಲಿಗಳು ನನ್ನ ಬಾಗಿಲಲ್ಲೇ ಉಳಿದವು.

ಕಾಕಾ ತಮ್ಮ ಖೋಲಿಯಲ್ಲಿ, ಮಂಚದ ಮೇಲೆ, ಮಿಲ್ಲಿನ ಅಂಗಿಯಲ್ಲೇ ಇದ್ದರು. ಬೆಳಿಗ್ಗೆ ಬಂದು ಒರಗಿದವರು ಏಳಲಿಲ್ಲ. ಒರಗಿದ ಗಳಿಗೆಯಲ್ಲೇ ಎದೆ ನಿಂತಿದೆ, ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಇಷ್ಟು ವರ್ಷ ಬಾಯ್ಲರಿನ ಬೆಂಕಿಯ ಎದುರು ನಿಂತು, ಬಾವಿಯ ಹಾಗೆ ಅದೂ ಇಬ್ಬರನ್ನು ಒಮ್ಮೆಗೇ ನುಂಗೀತೆಂದು ಹೆದರಿ ಬದುಕಿದ ಮನುಷ್ಯ. ಮುಂಗೈಯ ಕಲೆ ಬಿಟ್ಟರೆ ಬೆಂಕಿ ಅವರಿಗೆ ಏನೂ ಮಾಡಿರಲಿಲ್ಲ.

ಊರಿನಲ್ಲಿ ಎಲ್ಲ ಮುಗಿಸಿ ಅಳಿಯ ಒಂದು ಮಧ್ಯಾಹ್ನ ಒಬ್ಬನೇ ಬಂದ. ಬಾವಿಯ ಮಾತನ್ನು ಅವನ ತಾಯಿ ಹೇಳಿದ್ದಳಂತೆ. ನನ್ನ ಎದುರು ಕೂತು, ಮಾಮಾನ ಪಾಳಿಯನ್ನು ಒಮ್ಮೆ ತೆಗೆದು ತೋರಿಸುತ್ತೀರಾ ಎಂದು ಕೇಳಿದ. ತೆಗೆದೆ. ಕೆಂಪು ನಿಶಾನಿ ಬಂದು ಹೋಗಿ, ಕಾಕಾನ ಕಡೆಯಿಂದ ಕಾಣುವ ನೆಲ ತೆರೆಯಿತು. ಆ ಕಡೆಯಿಂದ ಅವನು ಅದನ್ನು ಎಂದೂ ನೋಡಿರಲಿಲ್ಲ.

ನಡುವೆ ಅವನ ನೀಲಿ ಊರು. ಸುತ್ತ ಕೆಂಪು ಸಿಪಾಯಿಗಳು, ಅವನು ದಿನಾ ಬಯ್ಯುತ್ತಿದ್ದ ಅದೇ ಮುತ್ತಿಗೆ. ಅವನಿಗೆ ಅವರ ಆಚೆ ಬರೀ ಕಪ್ಪು ಕಾಣುತ್ತಿತ್ತು. ಕಾಕಾನ ಕಡೆಯಿಂದ ನೋಡಿದರೆ ಆಚೆಯೆಲ್ಲ ಹಳದಿ ಡೇರೆಗಳು, ಹಳದಿ ಕುದುರೆಗಳು, ನದಿಯ ತನಕ. ಅವನು ಒಬ್ಬೊಬ್ಬ ಕೆಂಪು ಸಿಪಾಯಿಯ ಮೇಲೆ ಮೌಸ್ ಇಟ್ಟು ನೋಡಿದ. ಯಾವನಿಗೂ ಪೂರ್ತಿ ಜೀವ ಇರಲಿಲ್ಲ. ಕೊನೆಗೆ ಕಾಕಾನ ಸ್ವಂತ ಕೋಟೆಯನ್ನು ಹುಡುಕಿದ. ಅಲ್ಲಿ ಯಾರೂ ಇರಲಿಲ್ಲ.

"ತನ್ನ ಕ್ವಾಟಿ ಖಾಲಿ ಬಿಟ್ಟಾನ್ರೀ," ಎಂದ. "ನಾ ಮುತ್ತಿಗಿ ಅಂತ ತಿಳಕೊಂಡಿದ್ದೆ."

ಆಗಲೇ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು. ಸೇವ್ ಮಾಡ್ರಿ ಅಕ್ಕಾರ ಎಂದು ಅವನು ನನ್ನ ಕೈಯನ್ನೇ ಹಿಡಿದು ಕೀಬೋರ್ಡಿನ ಮೇಲೆ ಇಟ್ಟ. ಎರಡು ಬೆರಳು ಒತ್ತಿದೆ. ಪರದೆ ಆರಿತು. ಅವನು ಅಲ್ಲೇ ತಲೆ ತಗ್ಗಿಸಿ ಅತ್ತ. ನಾನೂ ಅತ್ತೆ. ಹೋಗುವಾಗ ಒಂದೇ ಮಾತು ಹೇಳಿದ, ಈ ಪಾಳಿಯನ್ನು ಯಾರೂ ಮುಗಿಸಬಾರದು ಎಂದು. ಮುಗಿಸಿದರೆ ಹಳದಿಯವರ ಪಾಳಿ ಬರುತ್ತದೆ.

ಆಮೇಲೆ ಅವನು ಹೊಸ ಆಟವನ್ನೂ ಆಡಲಿಲ್ಲ. ಶಿಫ್ಟ್ ಬಿಟ್ಟೊಡನೆ ನನ್ನ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಬಂದೇನ್ರಿ ಅಕ್ಕಾರ ಎಂದು ಹೇಳಿ ಹೋಗುತ್ತಿದ್ದ. ಯಾಕೆಂದು ನಾನು ಕೇಳಲಿಲ್ಲ. ಭೋಂಗಾ ಕೂಗಿದ ಮೇಲೆ ಅವನು ಬರುವತನಕ ನನ್ನ ಕಣ್ಣು ಬಾಗಿಲಲ್ಲೇ ಇರುತ್ತಿತ್ತು. ತಡವಾದ ದಿನ ನನ್ನ ಅಂಗೈ ಒದ್ದೆ. ಕಾಕಾ ಹೋದರೂ ಅವರ ಹೆದರಿಕೆ ಹೋಗಲಿಲ್ಲ, ನನಗೆ ವಹಿಸಿಕೊಟ್ಟು ಹೋಗಿದ್ದರು. ಮುಂದೆ ಅವನು ಮಿಲ್ಲು ಬಿಟ್ಟು ತಾಯಿಯ ಹತ್ತಿರಕ್ಕೆ ಹೋದಾಗ ನನಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚಾಯಿತು.

ಎರಡನೇ ಭಾಗದ ಮೇಲೆ ಮೂರನೇ ಭಾಗ ಬಂತು. ಮೂರನೇ ಕಂಪ್ಯೂಟರನ್ನು ಮುಟ್ಟಲು ನಾನು ಯಾರಿಗೂ ಬಿಡಲಿಲ್ಲ. ಒಂದು ಮಳೆಗಾಲ, ಜೊಯಿಡಾ ಕಡೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗಿ ಬಂದು ಮಾಡುತ್ತಿದ್ದ ದಿನ, ಅದರ ಡಿಸ್ಕ್ ಟಿಕ್ ಟಿಕ್ ಎಂದು ನಿಂತುಹೋಯಿತು. ರಿಪೇರಿಯವನು ಕಿವಿಗೆ ಹಿಡಿದು ಅಲುಗಾಡಿಸಿ ನೋಡಿ ಕೈ ಚೆಲ್ಲಿದ. ಒಳಗೆ ಅಂಥದ್ದೇನಿತ್ತು ಎಂದು ಕೇಳಿದ. ಒಂದು ಹಳೆಯ ಆಟ ಎಂದೆ.

ಬ್ಯಾಂಕಿನಲ್ಲಿ ಕರೆಂಟ್ ಬಂತು. ಯುಪಿಎಸ್ ಸುಮ್ಮನಾಯಿತು. ಕೌಂಟರಿನ ಹುಡುಗಿ ನನ್ನ ಕೈ ನೋಡಿ, ಏನಾದ್ರೂ ಬೇಕೇನ್ರಿ ಎಂದಳು. ಏನಿಲ್ಲ ಎಂದೆ. ನನ್ನ ಎರಡು ಬೆರಳು ಇನ್ನೂ ಆ ಕಲ್ಲನ್ನು ಒತ್ತಿಕೊಂಡೇ ಇದ್ದವು. ಸೇವ್ ಮಾಡಲು ಅಲ್ಲಿ ಏನೂ ಇರಲಿಲ್ಲ.