ಅಜ್ಜಿಯ ಎಲೆಪೆಟ್ಟಿಗೆಯ ಕಳ್ಳ ಅರೆ

ಮಗಳಿಗೆ ಹಲ್ಲು ಬರುತ್ತಿದೆ, ನನಗೆ ನಿದ್ದೆಯಿಲ್ಲ. ಕೈಗೆ ಸಿಕ್ಕಿದ್ದೆಲ್ಲ ಅವಳ ಬಾಯಿಗೆ ಹೋಗುತ್ತದೆ. ಆ ಹೆದರಿಕೆಯಲ್ಲಿ ಸೂಜಿಗಳನ್ನು ಅಡಗಿಸಿಡಲು ಅಜ್ಜಿಯ ಎಲೆಪೆಟ್ಟಿಗೆಯ ಕಳ್ಳ ಅರೆಯನ್ನು ತೆರೆದೆ. ಹೊಗೆಸೊಪ್ಪಿನ ವಾಸನೆ ಇನ್ನೂ ಅಲ್ಲೇ ಇತ್ತು.

ನಾನು ಚಿಕ್ಕವಳಿದ್ದಾಗ ನಮ್ಮೂರು ನರಿಮೊಗರಿನಲ್ಲಿ ಅಪ್ಪ ಮರದ ಕೆಲಸದ ಆಚಾರಿ. ಅಜ್ಜಿ ಇದ್ದದ್ದು ಪಕ್ಕದಲ್ಲೇ, ಸೋದರಮಾವನ ಮನೆಯಲ್ಲಿ. ಅಜ್ಜಿಯ ಹೊಗೆಸೊಪ್ಪು ಮಾವನಿಗೆ ಕಂಡರಾಗದು. "ಇನ್ನೊಮ್ಮೆ ಸಿಕ್ಕಿದರೆ ಪೆಟ್ಟಿಗೆಯನ್ನೇ ಒಲೆಗೆ ಹಾಕುದು" ಎಂದಿದ್ದರು. ಅಜ್ಜಿ ಗುಟ್ಟಾಗಿ ಅಳಿಯನ, ಅಂದರೆ ಅಪ್ಪನ, ಮೊರೆಹೊಕ್ಕರು. ಅಪ್ಪ ಹಲಸಿನ ಮರದ ಪೆಟ್ಟಿಗೆ ಮಾಡಿ, ದಪ್ಪ ತಳದೊಳಗೆ ಎಳೆಯುವ ಅರೆಯೊಂದನ್ನು ಕೂರಿಸಿ, "ಭಾವ ಬಿಡುವ ಜನ ಅಲ್ಲ" ಎಂದು ತಲೆ ತುರಿಸಿಕೊಂಡರು.

"ಮಾವ ಎಂತ ಹುಡುಕುದಾದ್ರೂ ಮೊದಲು ಮಗುಚಿ ಹಾಕುದಲ್ವಾ ಅಪ್ಪ? ಮಗುಚಿದ ಕೂಡಲೇ ಬೀಗ ಬೀಳುವ ಹಾಗೆ ಮಾಡಿ" ಎಂದೆ ನಾನು.

ಅಪ್ಪ ಉಳಿ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಒಳಗೊಂದು ಸಡಿಲ ಮರದ ಮೊಳೆ ಇಟ್ಟರು. ಪೆಟ್ಟಿಗೆ ಮಗುಚಿದರೆ ಅದು ಜಾರಿ ಅರೆಯನ್ನು ಕಚ್ಚಿ ಹಿಡಿಯುತ್ತಿತ್ತು, ನೆಟ್ಟಗಿಟ್ಟರೆ ಬಿಡುತ್ತಿತ್ತು.

ಮಾವ ಮೂಸಿದರು, ಮಗುಚಿದರು, ಮಗುಚಿ ಹಿಡಿದೇ ಪಟ್ಟಿಪಟ್ಟಿಯನ್ನೂ ಎಳೆದು ನೋಡಿದರು. "ವಾಸನೆ ಉಂಟು, ಸೊಪ್ಪಿಲ್ಲ. ಇದೆಂತ ಮಾಯೆ ಮಾರಾಯ್ರೆ?"

"ನಿನ್ನ ಮೂಗಿಗೆ ವಯಸ್ಸಾಯ್ತು ಮಗ" ಎಂದರು ಅಜ್ಜಿ, ಕೆಂಪು ಬಾಯಲ್ಲಿ. ಅವರಿರುವಷ್ಟು ಕಾಲವೂ ಮಾವನಿಗೆ ಆ ಅರೆ ಸಿಗಲಿಲ್ಲ; ಅವರ ನಂತರ ಪೆಟ್ಟಿಗೆ ನನಗೆ ಬಂತು. ಆಮೇಲೆ ಗಿರಾಕಿಗಳಿಗೆಲ್ಲ ಅಪ್ಪ ಪೆಟ್ಟಿಗೆಯ ಕಥೆ ಹೇಳಿ "ಅದು ನನ್ನ ಮಗಳ ಉಪಾಯ" ಎನ್ನುತ್ತಿದ್ದರು.

ಇವತ್ತು ಆ ಅರೆ ಮುಚ್ಚಿ, ಸೂಜಿ ತರಲು ಎದ್ದು ಹೋದೆ. ತಿರುಗಿ ಬರುವಾಗ ಮಗಳು ಅದನ್ನು ತೆರೆದು ಕೂತಿದ್ದಾಳೆ. ಮಗುಚುವ ಶಕ್ತಿ ಅವಳಿಗೆಲ್ಲಿದೆ? ಇದ್ದಲ್ಲೇ ಹಿಡಿದು ಎಳೆದಿದ್ದಾಳೆ.

ಸೂಜಿಗಳು ಅಟ್ಟಕ್ಕೆ ಹೋದವು. ಅಪ್ಪನಿಗೆ ಹೇಳಿ ಕಳಿಸಿದ್ದೇನೆ, ನಮ್ಮಿಬ್ಬರನ್ನೂ ಸೋಲಿಸುವವಳು ಬಂದಿದ್ದಾಳೆ ಎಂದು.