ದೀಪ ದೊಡ್ಡದು ಮಾಡು

ನನ್ನ ಗಂಡ ಕತ್ತಲೆ ಬರೆಯುವವರು. ತಮಾಷೆಗೆ ಹೇಳುತ್ತಿಲ್ಲ. ಒಂದು ಕಾಲಕ್ಕೆ ತಿಪಟೂರಿನ ಕೊಬ್ಬರಿ ಮಂಡಿಗಳ ಬೋರ್ಡು ಬರೆದುಕೊಂಡಿದ್ದವರು. ಫ್ಲೆಕ್ಸ್ ಬಂದು ಆ ಕೆಲಸವನ್ನು ನುಂಗಿ ನೀರು ಕುಡಿದ ಮೇಲೆ, ತುಮಕೂರಿನ ಫ್ರೇಮ್ ಅಂಗಡಿಯೊಂದಕ್ಕೆ ಯುರೋಪಿನ ಹಳೇ ಚಿತ್ರಗಳನ್ನು ನೋಡಿ ನಕಲು ಬರೆದುಕೊಡತೊಡಗಿದರು. ಮುನ್ನೂರು ನಾನೂರು ವರ್ಷ ಹಿಂದಿನ ಬರೋಕ್ ಕಾಲದವಂತೆ. ರಾಜರಿಲ್ಲ, ದೇವರಿಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಬಟ್ಟೆ ಹೊಲಿಯುವ ಹೆಂಗಸು, ಗಂಜಿ ಕುಡಿಯುವ ಮುದುಕ, ತಲೆ ಬಾಚಿಕೊಳ್ಳುವ ಹುಡುಗಿ. ಅಂಗೈ ಅಗಲ ಬೆಳಕು, ಮಿಕ್ಕಿದ್ದೆಲ್ಲ ಕತ್ತಲೆ. ಕಿಬ್ಬನಹಳ್ಳಿಯ ವ್ಯಾಪಾರಿಯೊಬ್ಬರು ಹೊಸ ಮನೆಯ ಗೋಡೆಗೆ ಬೇಕೆಂದು ನೋಡಲು ಬಂದವರು, "ಇದೇನ್ರೀ, ಕರೆಂಟ್ ಹೋದಾಗ ಬರ್ದಿದ್ದಾ?" ಎಂದು ಕೇಳಿ, ಕಾಫಿ ಕುಡಿದು ಹೊರಟುಹೋದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆಗ ನಗು ಬರುತ್ತಿತ್ತು.

ಕೊಬ್ಬರಿಗೆಂದು ತೆಂಗಿನಕಾಯಿ ಒಣಗಲು ಬಿಡುವ ಅಟ್ಟದ ಕೆಳಗಿನ ಕೋಣೆಯೇ ಅವರ ಕಾರ್ಖಾನೆ. ಅಂಗಡಿಯವರು ಕಳಿಸುವ ಅಚ್ಚಿನ ಚಿತ್ರದಲ್ಲಿ ನೆರಳೆಲ್ಲ ಮಸಿಯಾಗಿ ಬರುತ್ತಿತ್ತು. ಅದಕ್ಕೆ ನಡುಮಧ್ಯಾಹ್ನವೇ ಕಿಟಕಿಗೆ ಗೋಣಿತಾಟು ಕಟ್ಟಿ, ಬಾಗಿಲು ಹಾಕಿ, ಚಿತ್ರದ ಹೆಂಗಸಿನ ಜಾಗದಲ್ಲಿ ನನ್ನನ್ನು ಕೂರಿಸುತ್ತಿದ್ದರು. ಮೇಣದ ಬತ್ತಿ ಉರಿದಷ್ಟೂ ಗಿಡ್ಡವಾಗಿ ನೆರಳು ಜಾಗ ಬದಲಿಸುತ್ತದೆಂದು ಮೇಜಿನ ಮೇಲೆ ಎಣ್ಣೆಯ ಹಣತೆ. ಅಡುಗೆ ಮನೆಯಲ್ಲಿ ಸಾರು ಉಕ್ಕಿದರೂ ನಾನು ಏಳುವಂತಿಲ್ಲ.

ಮುಗಿಯಿತೆಂದರೆ ಮೊದಮೊದಲು "ಆರ್ಸು" ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ನಮ್ಮ ಕಡೆ ದೀಪ ಆರಿಸು ಎಂದು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ದೊಡ್ಡದು ಮಾಡು ಎನ್ನಬೇಕು. ಅದರರ್ಥ ಆರಿಸು ಎಂದೇ, ಆದರೆ ಕೆಟ್ಟ ಮಾತು ಬಾಯಿಗೆ ಬರಬಾರದು. ಊದುವುದೂ ಇಲ್ಲ, ಬತ್ತಿಯನ್ನು ಎಣ್ಣೆಯೊಳಕ್ಕೆ ನೂಕಬೇಕು.

"ಮುತ್ತೈದೆ ಕೂತಿರೋ ಮನೇಲಿ ಎಂಥಾ ಮಾತ್ರೀ ಅದು" ಎಂದು ದಬಾಯಿಸಿದ್ದೆ.

"ಆಯ್ತು ಕಣೇ ಮಾರಾಯ್ತಿ, ದೀಪ ದೊಡ್ಡದು ಮಾಡು." ಅಂದಿನಿಂದ ಪ್ರತಿದಿನ ಕೆಲಸ ಮುಗಿದಾಗ ಇದೇ ಮಾತು. ಬೆಳಕು ಹೆಚ್ಚು ಬೇಕಾದರೆ "ಬತ್ತಿ ಮುಂದಕ್ ಎಳಿ" ಎನ್ನುತ್ತಿದ್ದರು.

ಹೋದ ವರ್ಷ ಒಂದು ಚಿತ್ರ ಬರೆದು ಮುಗಿಸಿದರು. ಅಚ್ಚಿನಲ್ಲಿ ಮೇಜಿನ ಕೆಳಗೆ ಒಂದು ಬೆಕ್ಕಿತ್ತು. ಇವರ ನಕಲಿನಲ್ಲಿ ಇರಲಿಲ್ಲ.

"ಬೆಕ್ಕೆಲ್ರೀ?" ಎಂದೆ.

"ಯಾವ ಬೆಕ್ಕು?"

ಅಚ್ಚಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ನನ್ನ ಬೆರಳನ್ನೇ ಹುಡುಕುತ್ತಿದ್ದರು. ಬಾಗಿಲಿನ ಪಟ್ಟಿಗೆ ಆಗಾಗ ಭುಜ ತಾಗಿಸಿಕೊಳ್ಳುತ್ತಿದ್ದುದು, ಪಕ್ಕದಿಂದ ಬಂದವರನ್ನು ಮಾತಾಡಿಸದೆ ಹೋಗುತ್ತಿದ್ದುದು, ಅದಕ್ಕೆ ನಾನು "ಜಂಬ" ಎಂದು ಆಡಿಕೊಂಡಿದ್ದುದು ಎಲ್ಲ ಒಟ್ಟಿಗೆ ನೆನಪಾಯಿತು.

ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ನೋಟದ ಅಂಚಿನಿಂದ ಶುರುವಾಗಿ ನಡುವಿನವರೆಗೂ ಕುರುಡು ಬರುತ್ತದಂತೆ, ನೋವಿಲ್ಲ, ಕೆಂಪಿಲ್ಲ. ಅಟ್ಟದ ಮೇಲಿನ ಕಾಯಿಯಲ್ಲಿ ನೀರು ಯಾವಾಗ ಇಂಗಿತೆಂದು ಹೊರಗಿನಿಂದ ಗೊತ್ತಾಗುತ್ತದೆಯೇ? ಹಾಗೆಯೇ ಇದೂ. ಹೋದದ್ದು ವಾಪಸ್ಸು ಬರುವುದಿಲ್ಲ. ಉಳಿದ ಚೂರು ಎಷ್ಟು ದಿನವೋ ಹೇಳಲಾಗದು, ಎರಡು ಹೊತ್ತು ಡ್ರಾಪ್ಸ್ ತಪ್ಪಿಸಬೇಡಿ ಎಂದರು.

ಆಮೇಲಿನ ನನ್ನ ಪಾಡು ನಾಯಿಗೂ ಬೇಡ. ಸಂಪಿಗೆ ಊರಿನ ಶ್ರೀನಿವಾಸ ದೇವರಿಗೆ ಮುಡಿಪು ಕಟ್ಟಿದೆ. ಹಾಲ್ಕುರಿಕೆಯ ಮಠದಿಂದ ವಿಭೂತಿ ತಂದೆ. ನನ್ನ ಒಂದು ಕಣ್ಣು ಕಿತ್ತು ಇವರಿಗೆ ಹಾಕಲು ಬರುತ್ತದೆಯೇ ಎಂದು ಡಾಕ್ಟರನ್ನು ಕೇಳಿದೆ. ಅವರು ತಲೆ ತಗ್ಗಿಸಿಕೊಂಡು ಚೀಟಿ ಬರೆದರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ನನಗೆ ಆ ಕಡ್ಡಿಯೂ ಸಿಗಲಿಲ್ಲ. ದೇವರ ಮೇಲೆ ಬಂದ ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಇವರು ಮಾತ್ರ ಹೊಸ ಚಿತ್ರ ಹಿಡಿದು ಕೂತರು. ದೀಪಕ್ಕೆ ಅಂಗೈ ಅಡ್ಡ ಹಿಡಿದ ಹೆಂಗಸು. ಬೆಳಕು ಬೆರಳುಗಳೊಳಗೆ ಕೆಂಪಗೆ ಹಾಯ್ದಿರುತ್ತದೆ. "ಇದೊಂದ್ ಮುಗುಸ್ಬುಡ್ತೀನಿ ಕಣೇ. ಕತ್ತಲೆ ಹೆಂಗೂ ಬಂದೈತೆ, ಆ ಕೆಂಪೊಂದು ಕೈಗೆ ಸಿಕ್ರೆ ಸಾಕು" ಎಂದರು. ನಾನು ಬೇಡ ಎನ್ನಲಾರದೆ ಕೂತೆ. ದಿನವೂ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

ಅವತ್ತು ಕೂತು ಸ್ವಲ್ಪ ಹೊತ್ತಾಗಿತ್ತು ಅಷ್ಟೇ. ಕುಂಚ ನಿಂತಿತು. ಕಣ್ಣು ಉಜ್ಜಿಕೊಂಡರು. ಮತ್ತೆ ಉಜ್ಜಿಕೊಂಡರು.

"ದೀಪ ದೊಡ್ಡದು ಮಾಡು" ಎಂದರು.

ಇಷ್ಟು ಬೇಗ ಮುಗಿಯಿತೇ, ಸದ್ಯ ಕಣ್ಣಿಗೆ ವಿಶ್ರಾಂತಿಯಾಯಿತು ಎಂದುಕೊಂಡು ಬತ್ತಿಯನ್ನು ಎಣ್ಣೆಯೊಳಕ್ಕೆ ನೂಕಿದೆ. ಕೋಣೆ ಗವ್ವೆಂದಿತು. ಅವರು ಎದ್ದು ಬಾಗಿಲು ತೆಗೆಯುತ್ತಾರೆಂದು ಕಾದೆ. ಏಳಲಿಲ್ಲ.

"ಮಾಡ್ದೇನೇ?"

"ಹೂಂ" ಎಂದೆ.

"ಇನ್ನೊಂಚೂರು ದೊಡ್ಡದು ಮಾಡು."

ಆಗ ನನಗೆ ಅರ್ಥವಾಯಿತು. ಈ ಸಲ ಅವರು, ಬತ್ತಿ ಎಳಿ ಎನ್ನುವುದನ್ನು ಮರೆತು, ನಿಜವಾಗಿಯೂ ದೊಡ್ಡದು ಮಾಡಲು ಹೇಳಿದ್ದರು. ನಾನು ಆರಿಸಿದ್ದು ಅವರಿಗೆ ತಿಳಿದಿರಲಿಲ್ಲ. ಉಳಿದಿದ್ದ ಆ ಚೂರೂ ಹೋಗಿತ್ತು. ಬೆಂಕಿಪೊಟ್ಟಣ ಎಲ್ಲಿದೆಯೆಂದು ಗೊತ್ತಿತ್ತು, ಕೈ ಏಳಲಿಲ್ಲ. ಹಚ್ಚಿದರೆ ಯಾರಿಗೆ?

"ಮಾಡ್ದೆ ಕಣ್ರೀ" ಎಂದೆ.

ಆರಿದ ಬತ್ತಿಯ ಕಮಟು ಕೋಣೆಯೆಲ್ಲ ತುಂಬಿತ್ತು. ಅವರ ಮೂಗಿಗೂ ಬಡಿದಿರಲೇಬೇಕು. ಎರಡು ಸಲ ಮೂಸಿದ ಸದ್ದು ಕೇಳಿಸಿತು.

"ಈಗ ಸರಿಹೋಯ್ತು" ಎಂದರು ಕೊನೆಗೆ. "ಬೆರಳು ಕೆಂಪುಗ್ ಕಾಣ್ತಾವೆ. ಅಲ್ಲಾಡ್ಬೇಡ."

ಕ್ಯಾನ್ವಾಸಿನ ಮೇಲೆ ಕುಂಚ ಸವರುವ ಸದ್ದು ಮತ್ತೆ ಶುರುವಾಯಿತು. ನಾನು ಆರಿದ ಹಣತೆಗೆ ಅಂಗೈ ಅಡ್ಡ ಹಿಡಿದುಕೊಂಡು, ಅವರು ಸಾಕು ಎನ್ನುವವರೆಗೂ ಹಾಗೇ ಕೂತಿದ್ದೆ.